ಮೂರು ತಿಂಗಳ ಹಿಂದೆ ಏನಾಗಿತ್ತು? ಕೂದಲು ಉದುರುತ್ತಿರುವ ಹುಡುಗಿಯರಿಗೆ

ಕೂದಲು ಉದುರುತ್ತಿದೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, "ಯಾವ ಶಾಂಪೂ ಹಾಕ್ತೀಯಾ?" ಆಮೇಲೆ ನೀರಿನ ಮಾತು ಬರುತ್ತದೆ, ಬೆಂಗಳೂರಿನ ಬೋರ್‌ವೆಲ್ ನೀರಿಗೆ ಯಾರ ತಲೆಯಲ್ಲೂ ಕೂದಲು ನಿಲ್ಲಲ್ಲ ಅಂತ. ಆಮೇಲೆ ಎಣ್ಣೆ. ಅಷ್ಟರಲ್ಲಿ ಮನೆಯಲ್ಲಿ ಯಾರಾದರೂ "ರಾತ್ರಿಯೆಲ್ಲ ಮೊಬೈಲ್ ನೋಡಿದ್ರೆ ಇನ್ನೇನಾಗುತ್ತೆ" ಅಂದಿರುತ್ತಾರೆ. ನಿಜವಾಗಿ ಕೇಳಬೇಕಾದದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ: ಎರಡು ಮೂರು ತಿಂಗಳ ಹಿಂದೆ ನಿನಗೆ ಏನಾಗಿತ್ತು?

ನನಗೆ ಟೈಫಾಯ್ಡ್ ಆಗಿತ್ತು. ಜ್ವರ ಬಿಟ್ಟು, ಆಫೀಸಿಗೆ ಹೋಗಲು ಶುರು ಮಾಡಿ, ಎಲ್ಲ ಮರೆತೂ ಹೋಗಿತ್ತು. ಆಮೇಲೆ ಒಂದು ದಿನದಿಂದ ಬಾಚಣಿಗೆ ತುಂಬ ಕೂದಲು, ದಿಂಬಿನ ಮೇಲೆ ಕೂದಲು, ಅನ್ನದ ತಟ್ಟೆಯಲ್ಲೂ ಕೂದಲು. ಜಡೆ ಅರ್ಧಕ್ಕಿಳಿಯಿತು. ಆ ಭಯ ಅನುಭವಿಸಿದವರಿಗೇ ಗೊತ್ತು. ಈಗ ನನ್ನ ಚಿಕ್ಕಮ್ಮನ ಮಗಳು, ನಮ್ಮ ಪಿಜಿಯ ಹುಡುಗಿಯರು, ಆಫೀಸಿನಲ್ಲಿ ಹೊಸದಾಗಿ ಸೇರಿದವರು ಎಲ್ಲರೂ ಇದನ್ನೇ ಕೇಳುತ್ತಿದ್ದಾರೆ. ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಓದಿ, ಕೇಳಿ, ಚರ್ಮದ ಡಾಕ್ಟರ ಹತ್ತಿರ ಕೂತು ತಿಳಿದುಕೊಂಡ ಮೇಲೆ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಗಿ ಕೂತಿದೆ. ಎಣ್ಣೆ ಬಾಟಲಿಗೆ ದುಡ್ಡು ಕೊಡುವ ಮೊದಲು ಕಾರಣ ಹುಡುಕಬೇಕು.

ಮೊದಲು ಕೂದಲಿನ ಲೆಕ್ಕ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತದೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಬೆಳವಣಿಗೆ ನಿಲ್ಲುತ್ತದೆ. ನಿಂತ ಕೂದಲು ತಕ್ಷಣ ಬೀಳುವುದಿಲ್ಲ, ಸುಮಾರು ಮೂರು ತಿಂಗಳು ಬೇರಿನಲ್ಲೇ ಸುಮ್ನೆ ಕೂತಿದ್ದು ನಂತರ ಉದುರುತ್ತದೆ, ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇರುವುದೇ. ವಾರಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಅಷ್ಟೂ ದಿನದ್ದು ಒಟ್ಟಿಗೆ ಕೈಗೆ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ.

ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೇರೆ ಬೇರೆ ಹೊತ್ತಿನಲ್ಲಿ ಉದುರಬೇಕಾದ ಕೂದಲೆಲ್ಲ ಒಟ್ಟಿಗೆ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಡೆಂಗಿ, ಟೈಫಾಯ್ಡ್, ಚಿಕೂನ್‌ಗುನ್ಯಾ, ಕೋವಿಡ್, ದೊಡ್ಡ ಆಪರೇಷನ್, ಹೆರಿಗೆ, ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡದ್ದು, ಮದುವೆಗೆ ಮುಂಚೆ ಅನ್ನ ಬಿಟ್ಟು ಬರೀ ಜ್ಯೂಸ್ ಕುಡಿದು ತೂಕ ಇಳಿಸಿದ್ದು, ಇವುಗಳಲ್ಲಿ ಯಾವುದೂ ಆಗಿರಬಹುದು. ಎರಡು ಮೂರು ತಿಂಗಳಾದ ಮೇಲೆ ಅಷ್ಟೂ ಒಟ್ಟಿಗೆ ಬೀಳುತ್ತದೆ. ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತ ಹೆಸರು. ಅಷ್ಟು ಹೊತ್ತಿಗೆ ಜ್ವರ ಮರೆತಿರುತ್ತದೆ, ಹೋದ ವಾರ ಬದಲಾಯಿಸಿದ ಶಾಂಪೂ ಮಾತ್ರ ನೆನಪಿರುತ್ತದೆ. ಬೈಗುಳ ಅದಕ್ಕೆ ಬೀಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಈ ಥರ ಉದುರಿದ್ದು ಕಾರಣ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತದೆ. ಹೊಸ ಕೂದಲು ಹಣೆಯ ಅಂಚಿನಲ್ಲಿ ಪುಟ್ಟದಾಗಿ, ಬಾಚಿದರೂ ಮಲಗದೆ ನಿಂತಿರುತ್ತದೆ. ನನಗೆ ಅದು ಕಂಡ ದಿನ ಎಷ್ಟು ಖುಷಿಯಾಗಿತ್ತು ಅಂದರೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ್ದೆ. ಈಗ ಯೋಚಿಸಿ, ಉದುರಲು ಶುರುವಾಗಿ ಮೂರು ತಿಂಗಳಿಗೆ ಯಾರೋ ಒಂದು ಎಣ್ಣೆ ಹೇಳುತ್ತಾರೆ, ಎರಡು ತಿಂಗಳು ಹಚ್ಚುತ್ತೀರಿ, ಉದುರುವುದು ನಿಲ್ಲುತ್ತದೆ. ಹೆಸರು ಬರುವುದು ಎಣ್ಣೆಗೆ ಅಲ್ವಾ? "ನನಗೆ ಕೆಲಸ ಮಾಡ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದನ್ನು ಹಚ್ಚದಿದ್ದರೂ ಅದೇ ಹೊತ್ತಿಗೆ ನಿಲ್ಲುತ್ತಿತ್ತು.

ಬಾಣಂತಿಯರ ಕಥೆಯೂ ಇದೇ. ಬಸಿರಿನಲ್ಲಿ ಈಸ್ಟ್ರೋಜೆನ್ ಜಾಸ್ತಿ ಇರುವುದರಿಂದ ಕೂದಲು ಉದುರುವುದು ಕಮ್ಮಿ, ಜಡೆ ದಪ್ಪವಾಗಿ ಕಾಣುತ್ತದೆ. ಹೆರಿಗೆಯಾದ ಮೇಲೆ ಆ ಹಾರ್ಮೋನು ಇಳಿಯುತ್ತದೆ, ಮೂರು ನಾಲ್ಕು ತಿಂಗಳಿಗೆ ಬಾಕಿ ಉಳಿದದ್ದೆಲ್ಲ ಉದುರುತ್ತದೆ. ಮಗು ಮುಖ ನೋಡಿ ನಗೋಕೆ ಶುರು ಮಾಡಿದಾಗ ತಾಯಿ ಕೂದಲು ಉದುರುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಮಗುವಿನ ನಗುವಿಗೂ ಕೂದಲಿಗೂ ಸಂಬಂಧವಿಲ್ಲ, ಆದರೆ ಅಜ್ಜಿಯ ತಿಂಗಳ ಲೆಕ್ಕ ಮಾತ್ರ ಸರಿಯಾಗೇ ಇತ್ತು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ಮೊದಲಿನಂತಾಗುತ್ತದೆ. ಆಗದಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು.

ರಕ್ತ ಅಂದ ಮೇಲೆ ಕಬ್ಬಿಣದ ವಿಷಯಕ್ಕೆ ಬರಲೇಬೇಕು. ನಾನು ಇದನ್ನು ಎಲ್ಲರಿಗೂ ಬೇಸರ ಬರುವಷ್ಟು ಹೇಳುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧ. ಇದು ಬರೀ ಹಿಮೋಗ್ಲೋಬಿನ್ ನೋಡಿ ಹೇಳಿದ್ದು. ಹಿಮೋಗ್ಲೋಬಿನ್ ಇಳಿಯುವುದಕ್ಕೆ ಎಷ್ಟೋ ಮೊದಲೇ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಖಾಲಿಯಾಗಿರುತ್ತದೆ. ಆ ದಾಸ್ತಾನು ಎಷ್ಟಿದೆ ಅಂತ ಹೇಳುವ ಪರೀಕ್ಷೆ ಫೆರಿಟಿನ್.

ನನ್ನ ಚಿಕ್ಕಮ್ಮನ ಮಗಳ ರಿಪೋರ್ಟ್ ನನ್ನ ಮೊಬೈಲಿನಲ್ಲಿ ಈಗಲೂ ಇದೆ. ಹಿಮೋಗ್ಲೋಬಿನ್ 12.2. ಎದುರಿಗೆ 'ನಾರ್ಮಲ್' ಅಂತಲೇ ಇದೆ. ಅದನ್ನು ನೋಡಿ ಮನೆಯವರೆಲ್ಲ ರಕ್ತ ಚೆನ್ನಾಗಿದೆ, ಸುಮ್ನೆ ತಲೆ ಕೆಡಿಸಿಕೊಂಡಿದ್ದಾಳೆ ಅಂದರು. ಎರಡನೇ ಪುಟದಲ್ಲಿ ಫೆರಿಟಿನ್ 8. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ, ಕೂದಲಿನ ವಿಷಯಕ್ಕೆ ಬಂದರೆ ಹಲವು ಚರ್ಮದ ಡಾಕ್ಟರು ಅದು 30–40ಕ್ಕಿಂತ ಮೇಲೇ ಇರಲಿ ಅನ್ನುತ್ತಾರೆ. ಅವಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಯಾವಾಗಲೂ ಸುಸ್ತು. ಎಲ್ಲ ಸೇರಿ ಒಂದೇ ಕಾರಣ. ಆ ಕಾರಣಕ್ಕೂ ಒಂದು ಕಾರಣ ಇತ್ತು, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕಾಗುವುದು, ದೊಡ್ಡ ಗಡ್ಡೆ ಗಡ್ಡೆಯಾಗಿ ಹೋಗುವುದು, ಏಳು ದಿನ ದಾಟುವುದು, ಇದೆಲ್ಲ ಸಹಜ ಅಲ್ಲ. "ಎಲ್ಲ ಹೆಣ್ಮಕ್ಕಳಿಗೂ ಇರೋದೇ" ಅಂತ ಹೇಳಿ ಹೇಳಿ ನಾವು ಅದನ್ನು ಡಾಕ್ಟರ ಹತ್ತಿರ ಹೇಳುವುದನ್ನೇ ಬಿಟ್ಟಿದ್ದೇವೆ. ಇದನ್ನು ಓದುವ ಅಮ್ಮಂದಿರು ದಯವಿಟ್ಟು ಮಗಳನ್ನು ಒಮ್ಮೆ ಕೇಳಿ.

ಜ್ವರ ಇರುವಾಗ ಅಥವಾ ಬಿಟ್ಟ ತಕ್ಷಣ ಫೆರಿಟಿನ್ ಮಾಡಿಸಿದರೆ ಸುಳ್ಳೇ ಜಾಸ್ತಿ ತೋರಿಸಬಹುದು, ಸ್ವಲ್ಪ ದಿನ ಕಳೆದು ಮಾಡಿಸಿ. ಕಮ್ಮಿ ಇದ್ದರೆ ಕಬ್ಬಿಣದ ಮಾತ್ರೆ, ಡಾಕ್ಟರು ಹೇಳಿದ ಪ್ರಮಾಣದಲ್ಲಿ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಿದ್ದರಲ್ಲ, ಎಷ್ಟೋ ಜನ ಕಿಟಕಿಯಿಂದ ಆಚೆ ಎಸೆಯುತ್ತಿದ್ದದ್ದು, ಅದೂ ಇದೇ. ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತದೆ, ಮಲಬದ್ಧತೆ ಆಗಬಹುದು, ಹೊಟ್ಟೆ ತೊಳೆಸಬಹುದು. ಹೆಚ್ಚಿನವರು ಬಿಡುವುದು ಇಲ್ಲೇ. ಬಿಡುವ ಬದಲು ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ, ಇಲ್ಲವೇ ದಿನ ಬಿಟ್ಟು ದಿನ ತಗೊಳ್ಳಲು ಹೇಳುತ್ತಾರೆ. ದಾಸ್ತಾನು ತುಂಬಲು ತಿಂಗಳುಗಟ್ಟಲೆ ಬೇಕು. ಇನ್ನು ನಮ್ಮ ಕಾಫಿ. ಊಟ ಆದ ತಕ್ಷಣ ಕಾಫಿ ಟೀ ಕುಡಿದರೆ ಊಟದಲ್ಲಿದ್ದ ಕಬ್ಬಿಣ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಒಂದು ಗಂಟೆಯಾದರೂ ಅಂತರ ಇರಲಿ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ, ಮಾತ್ರೆಯ ಜೊತೆ ಒಂದು ಕಿತ್ತಳೆ ತಿಂದರೆ ಒಳ್ಳೆಯದು.

ಪಿಜಿ ಊಟದ ಬಗ್ಗೆ ಎರಡು ಮಾತು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ. ಕೂದಲು ಆಗಿರುವುದೇ ಕೆರಾಟಿನ್ ಅನ್ನುವ ಪ್ರೋಟೀನಿನಿಂದ, ಆದರೆ ಆ ತಟ್ಟೆಯಲ್ಲಿ ಪ್ರೋಟೀನ್ ಎಲ್ಲಿದೆ? 55 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 45 ಗ್ರಾಂ ಬೇಕು, ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ. ಹುರುಳಿಕಾಳು, ಅಲಸಂದೆ, ಹೆಸರುಕಾಳಿನ ಉಸಲಿ, ಶೇಂಗಾ, ಮೊಸರು, ಮೊಟ್ಟೆ, ತಿನ್ನುವವರಾದರೆ ಮೀನು ಮಾಂಸ, ಯಾವುದಾದರೂ ಒಂದು ಪ್ರತಿ ಹೊತ್ತಿನ ಊಟದಲ್ಲೂ ಇರಲಿ.

ಥೈರಾಯ್ಡ್ ಕಮ್ಮಿಯಾದರೂ ಜಾಸ್ತಿಯಾದರೂ ಕೂದಲು ಉದುರುತ್ತದೆ, ಟಿಎಸ್‌ಎಚ್ ಪರೀಕ್ಷೆ ಸಾಕು. ಸಸ್ಯಾಹಾರಿಗಳಾದರೆ ಬಿ12 ಕೂಡ ನೋಡಿಸಿ. ಕೂದಲಿಗೆ ಒಳ್ಳೆಯದು ಅಂತ ಬಯೋಟಿನ್ ಅನ್ನುವ ವಿಟಮಿನ್ನಿನ ಗಮ್ಮಿ ತಿನ್ನುವವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ಬಯೋಟಿನ್ ಕೊರತೆ ಇರುವವರು ತುಂಬಾ ಅಪರೂಪ, ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಅದು ರಕ್ತದಲ್ಲಿ ಜಾಸ್ತಿ ಇದ್ದರೆ ಥೈರಾಯ್ಡ್ ಪರೀಕ್ಷೆಯ ಅಂಕಿಗಳೇ ತಪ್ಪಾಗಿ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ರಕ್ತ ಕೊಡುವ ಮೊದಲು ಕೆಲವು ದಿನ ನಿಲ್ಲಿಸಿ, ತಗೊಳ್ಳುತ್ತಿದ್ದದ್ದನ್ನು ಡಾಕ್ಟರಿಗೆ ಹೇಳಿ. ಎ ವಿಟಮಿನ್, ಸೆಲೆನಿಯಂ ಇವಂತೂ ಜಾಸ್ತಿಯಾದರೆ ಅದರಿಂದಲೇ ಕೂದಲು ಉದುರುತ್ತದೆ.

ಈಗ ಇನ್ನೊಂದು ಥರದ್ದು. ಇದರಲ್ಲಿ ಮೂರು ತಿಂಗಳ ಹಿಂದೆ ಏನೂ ಆಗಿರುವುದಿಲ್ಲ. ರಾಶಿ ರಾಶಿ ಉದುರುವುದೂ ಇಲ್ಲ. ಬೈತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ, ನೆತ್ತಿಯ ಚರ್ಮ ಟ್ಯೂಬ್‌ಲೈಟ್ ಕೆಳಗೆ ಹೊಳೆಯುತ್ತದೆ, ಹಣೆಯ ಅಂಚಿನ ಕೂದಲು ಹಾಗೇ ಇರುತ್ತದೆ. ಇಲ್ಲಿ ಕೂದಲಿನ ಬೇರು ಸಣ್ಣದಾಗುತ್ತಾ ಬಂದು ಪ್ರತಿ ಸಲ ಹುಟ್ಟುವ ಕೂದಲು ಮೊದಲಿಗಿಂತ ತೆಳ್ಳಗಿರುತ್ತದೆ. ವಂಶದಿಂದ ಬರುವಂಥದ್ದು, ಅಪ್ಪನ ಕಡೆಯಿಂದಲೂ ಬರಬಹುದು, ಅಮ್ಮನ ಕಡೆಯಿಂದಲೂ ಬರಬಹುದು. ಇಪ್ಪತ್ತರ ಆಸುಪಾಸಿನಲ್ಲೂ ಶುರುವಾಗಬಹುದು. ಜೊತೆಗೆ ಮುಟ್ಟು ಸರಿಯಾಗಿ ಆಗದೆ, ಗಲ್ಲದ ಮೇಲೆ ಕೂದಲು, ಮೊಡವೆ ಎಲ್ಲ ಇದ್ದರೆ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯಕ್ಕೆ ಬರುವ ತೊಂದರೆ, ಇದೆಯಾ ಅಂತ ನೋಡಿಸಲೇಬೇಕು. ಇದು ಕಾದರೆ ಸರಿಹೋಗುವಂಥದ್ದಲ್ಲ. ಬೇಗ ಶುರು ಮಾಡಿದಷ್ಟೂ ಉಳಿಯುವುದು ಜಾಸ್ತಿ.

ಇದಕ್ಕೆ ಗಟ್ಟಿ ಆಧಾರ ಇರುವ ಔಷಧಿ ಮಿನಾಕ್ಸಿಡಿಲ್. ಮೊದಲು ಇದು ಬಿಪಿ ಮಾತ್ರೆ, ತಗೊಂಡವರಿಗೆ ಮೈಮೇಲೆಲ್ಲ ಕೂದಲು ಬಂದದ್ದನ್ನು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. ಹೆಂಗಸರಿಗೆ ಶೇ. 2ರದ್ದಕ್ಕೆ ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಸಿಕ್ಕಿತು, ಶೇ. 5ರ ನೊರೆಗೆ 2014ರಲ್ಲಿ. ಇದನ್ನು ಶುರು ಮಾಡುವ ಪ್ರತಿ ಹುಡುಗಿಗೂ ಮೊದಲೇ ಹೇಳಬೇಕಾದ್ದು, ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹಳೆಯದು ಜಾಗ ಬಿಟ್ಟು ಹೊಸದು ಬರುವ ಲಕ್ಷಣ ಅದು. ಯಾರೂ ಹೇಳದೇ ಇರುವುದರಿಂದ ಎಷ್ಟೋ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದೂ ಕೆಲವು ತಿಂಗಳಲ್ಲಿ ಹೋಗುತ್ತದೆ, ಅದಕ್ಕೇ ಯೋಚಿಸಿ ಶುರು ಮಾಡಬೇಕು. ಬಸುರಿಯರು, ಹಾಲುಣಿಸುವವರು, ಮಗುವಿಗೆ ಪ್ರಯತ್ನಿಸುತ್ತಿರುವವರು ಹಚ್ಚಬಾರದು. ಹಣೆಗೆ ಕೆನ್ನೆಗೆ ಇಳಿದರೆ ಅಲ್ಲೂ ಕೂದಲು ಬರುತ್ತದೆ, ಮಲಗುವ ಹೊತ್ತಿಗೆ ಒಣಗಿರಲಿ. ಮನೆಯಲ್ಲಿ ಬೆಕ್ಕಿದ್ದರೆ ತುಂಬಾ ಜೋಪಾನ, ದಿಂಬು ನೆಕ್ಕಿದರೂ ಅದರ ಜೀವಕ್ಕೆ ಅಪಾಯ. ಇನ್ನು ಸ್ಪೈರನೊಲ್ಯಾಕ್ಟೋನ್‌ನಂಥ ಮಾತ್ರೆಗಳೂ ಇವೆ, ಅವನ್ನು ಡಾಕ್ಟರು ನೋಡಿಯೇ ಕೊಡಬೇಕು. ಅದನ್ನು ತಗೊಳ್ಳುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಅಂಗಡಿಯಲ್ಲಿ ಕೇಳಿ ತರುವಂಥದ್ದಲ್ಲ.

ನೀರಿನ ವಿಷಯಕ್ಕೆ ಬರೋಣ. ಬಚ್ಚಲಿನ ಜಾಲರಿಯಲ್ಲಿ ಸಿಕ್ಕ ಕೂದಲು ಒಂದನ್ನು ಎತ್ತಿ ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಉದ್ದಕ್ಕೆ ಇದ್ದು ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು ಇದ್ದರೆ ಅದು ಬೇರಿನಿಂದ ಬಂದದ್ದು. ಎರಡೂ ತುದಿಯಲ್ಲಿ ಏನೂ ಇಲ್ಲದ ತುಂಡು ತುಂಡಾದರೆ ಅದು ಮಧ್ಯದಲ್ಲಿ ಮುರಿದದ್ದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂತು ಒರಟು ಮಾಡುತ್ತವೆ, ಸಿಕ್ಕಾಗಿ ಮುರಿಯಬಹುದು. ಬೇರು ಇರುವುದು ಚರ್ಮದ ಒಳಗೆ, ಅಲ್ಲಿಗೆ ನೀರು ಏನೂ ಮಾಡುವುದಿಲ್ಲ. ಬೆಂಗಳೂರಿಗೆ ಬಂದ ಮೇಲೇ ಉದುರಲು ಶುರುವಾಯ್ತು ಅನ್ನುವವರ ಮಾತು ಹಾಗಂತ ಸುಳ್ಳಲ್ಲ. ಮನೆ ಬಿಟ್ಟು ಬಂದಾಗ ನೀರು ಒಂದೇ ಅಲ್ಲ, ಊಟ, ನಿದ್ದೆ, ನೆಮ್ಮದಿ ಎಲ್ಲ ಬದಲಾಗಿರುತ್ತದೆ. ಮುರಿಯುವುದೇ ತೊಂದರೆ ಆಗಿದ್ದರೆ ಕಂಡೀಷನರ್ ಹಾಕಿ, ಒದ್ದೆ ಕೂದಲು ಬಾಚಬೇಡಿ, ಸ್ಟ್ರೇಟನಿಂಗ್ ಮಾಡಿಸುವುದು ನಿಲ್ಲಿಸಿ.

ಎಣ್ಣೆ ಬಗ್ಗೆ ನನಗೆ ದ್ವೇಷ ಇಲ್ಲ. ದಾಸವಾಳದ ಎಲೆ, ಗರಗದ ಸೊಪ್ಪು, ಕರಿಬೇವು ಹಾಕಿ ಅಮ್ಮ ಕಾಯಿಸುವ ಎಣ್ಣೆಯ ವಾಸನೆ ನನಗೂ ಇಷ್ಟ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಗೆ ಇಳಿದು ಅದರ ಪ್ರೋಟೀನ್ ಸವೆಯದಂತೆ ನೋಡಿಕೊಳ್ಳುತ್ತದೆ, ಇದು ಪರೀಕ್ಷೆ ಮಾಡಿ ಕಂಡದ್ದು. ಆದರೆ ಹುಟ್ಟದ ಕೂದಲನ್ನು ಎಣ್ಣೆ ಹುಟ್ಟಿಸುವುದಿಲ್ಲ. ಹುಣಸೂರು ಕಡೆಯ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ಈಗ ದೇಶವೆಲ್ಲ ಹೆಸರಾಗಿದೆ, ಮೊಣಕಾಲುದ್ದದ ಜಡೆ ತೋರಿಸುವ ವಿಡಿಯೋ ನೋಡದವರಿಲ್ಲ. ಕೂದಲು ಎಷ್ಟುದ್ದ ಬೆಳೆಯುತ್ತದೆ ಅನ್ನುವುದು ಅದು ಎಷ್ಟು ವರ್ಷ ಬೆಳೆಯುತ್ತಲೇ ಇರುತ್ತದೆ ಅನ್ನುವುದರ ಮೇಲೆ ನಿಂತಿದೆ, ಅದು ಹೆಚ್ಚಾಗಿ ಹುಟ್ಟಿನಿಂದ ಬರುವುದು. ಬಾಟಲಿಯಲ್ಲಿ ಅದು ಬರುವುದಿಲ್ಲ. ಇನ್ನು ತಲೆಯಲ್ಲಿ ಹೊಟ್ಟು ಇರುವವರು ರಾತ್ರಿಯೆಲ್ಲ ಎಣ್ಣೆ ಬಿಟ್ಟುಕೊಂಡು ಮಲಗಬೇಡಿ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಕೀಟೋಕೊನಜೋಲ್ ಶಾಂಪೂ ವಾರಕ್ಕೆರಡು ಸಲ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದರೆ ಕಮ್ಮಿಯಾಗುತ್ತದೆ. ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆ ಅನ್ನುವುದೂ ಅಷ್ಟೇ. ಹರಕೆ ಇದ್ದರೆ ಭಕ್ತಿಯಿಂದ ಕೊಡಿ, ಬೇರುಗಳು ಮಾತ್ರ ಮೊದಲು ಎಷ್ಟಿದ್ದವೋ ಅಷ್ಟೇ.

ಬಿಗಿ ಜಡೆ, ಬಿಗಿ ಪೋನಿಟೇಲ್ ಬಗ್ಗೆ ಭರತನಾಟ್ಯ ಮಾಡುವವರಿಗೆ ಹೇಳಲೇಬೇಕು. ದಿನಾ ಎಳೆದು ಕಟ್ಟಿ, ಅದರ ಮೇಲೆ ಭಾರದ ಚೌರಿ ಸೇರಿಸಿದರೆ ಹಣೆಯ ಪಕ್ಕದ, ಕಿವಿಯ ಮೇಲಿನ ಕೂದಲು ಹಿಂದೆ ಸರಿಯುತ್ತದೆ. ಶುರುವಿನಲ್ಲೇ ಸಡಿಲ ಮಾಡಿದರೆ ವಾಪಸ್ ಬರುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಬೇರು ಸತ್ತು ಹೋಗುತ್ತದೆ. ಮದುವೆ ದಿನದ ಮೊಗ್ಗಿನ ಜಡೆಯಿಂದ ಏನೂ ಆಗುವುದಿಲ್ಲ, ಹಾಕಿಕೊಳ್ಳಿ.

ನನಗೆ ಸಿಟ್ಟು ಬರುವುದು ಕೂದಲಿನ ಕ್ಲಿನಿಕ್‌ಗಳ ವಿಷಯದಲ್ಲಿ. ಎಲ್ಲವೂ ಹಾಗಲ್ಲ. ಆದರೆ ನಾನು ಹೋದ ಒಂದು ಕಡೆ ಜ್ವರ ಬಂದಿತ್ತಾ, ಮುಟ್ಟು ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ, ರಕ್ತ ಪರೀಕ್ಷೆ ಬರೆಯಲಿಲ್ಲ. ಡಾಕ್ಟರಿಗಿಂತ ಮೊದಲು ಒಬ್ಬ ಹುಡುಗಿ ಬಂದು ಪಿಆರ್‌ಪಿ ಪ್ಯಾಕೇಜು, ಇಎಂಐ, ಇವತ್ತೇ ಕಟ್ಟಿದರೆ ರಿಯಾಯಿತಿ ಅಂತ ಶುರು ಮಾಡಿದಳು. ನಮ್ಮದೇ ರಕ್ತ ತೆಗೆದು ಅದರ ಒಂದು ಭಾಗವನ್ನು ನೆತ್ತಿಗೆ ಚುಚ್ಚುವುದು ಪಿಆರ್‌ಪಿ. ವಂಶದಿಂದ ಬಂದ ಕೂದಲು ತೆಳುವಾಗುವಿಕೆಗೆ ಕೆಲವರಿಗೆ ಉಪಯೋಗ ಆಗಿದೆ, ಕೆಲವರಿಗೆ ಆಗಿಲ್ಲ. ಟೈಫಾಯ್ಡ್ ಆಗಿ ಉದುರಿದ್ದಕ್ಕೆ, ತಾನಾಗೇ ಬರುವ ಕೂದಲಿಗೆ, ಅದು ಯಾಕೆ ಬೇಕು? ಹೆದರಿದ ಹುಡುಗಿಯ ಹತ್ತಿರ ಹೀಗೆ ದುಡ್ಡು ಕೀಳುವುದು ಅನ್ಯಾಯ. ನಿಮಗೂ ಹೀಗಾದರೆ ಎದ್ದು ಬನ್ನಿ.

ಬೇಗ ಡಾಕ್ಟರ ಹತ್ತಿರ ಹೋಗಬೇಕಾದ ಲಕ್ಷಣಗಳೂ ಇವೆ. ನಾಣ್ಯದಷ್ಟು ಅಗಲಕ್ಕೆ ನುಣ್ಣಗೆ ಬೋಳಾದರೆ ಅದು ಅಲೋಪೇಶಿಯಾ ಏರಿಯೇಟಾ ಇರಬಹುದು, ಹುಳ ತಿಂದಿದೆ ಅಂತ ಯಾರೋ ಹೇಳಿದ ಸೊಪ್ಪು ತಿಕ್ಕಿ ಚರ್ಮ ಸುಟ್ಟುಕೊಳ್ಳಬೇಡಿ. ಅದಕ್ಕೆ ಆ ಜಾಗಕ್ಕೇ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಇದೆ, ಜಾಸ್ತಿ ಹರಡಿದವರಿಗೆ ಬಾರಿಸಿಟಿನಿಬ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ನೆತ್ತಿ ಉರಿಯುವುದು, ನೋಯುವುದು, ಚರ್ಮ ಹೊಳಪಾಗಿ ರಂಧ್ರಗಳೇ ಕಾಣದಂತಾಗುವುದು ಇದ್ದರೆ ಒಂದು ವಾರವೂ ಮುಂದೂಡಬೇಡಿ, ಅಲ್ಲಿ ಹೋದ ಕೂದಲು ವಾಪಸ್ ಬರುವುದಿಲ್ಲ. ಕೂದಲು ಉದುರುವುದರ ಜೊತೆ ಕೀಲು ನೋವು, ಕೆನ್ನೆಯ ಮೇಲೆ ಕೆಂಪು ದದ್ದು, ಬಾಯಲ್ಲಿ ಹುಣ್ಣು ಇದ್ದರೂ ಅಷ್ಟೇ, ಅದು ಲೂಪಸ್ ಇರಬಹುದು, ಅಂದರೆ ದೇಹದ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ.

ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗ ಅದರ ಹೆಸರು ಕೆಎಂಸಿಆರ್‌ಐ), ಇಲ್ಲೆಲ್ಲ ಚರ್ಮರೋಗ ವಿಭಾಗ ಇದೆ. ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಹೋಗುವಾಗ ಹಳೆಯ ರಿಪೋರ್ಟ್‌ಗಳು, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಕಳೆದ ಆರು ತಿಂಗಳಲ್ಲಿ ಬಂದ ಜ್ವರ ಕಾಯಿಲೆಗಳ ತಿಂಗಳು, ಮುಟ್ಟಿನ ತಾರೀಖು ಬರೆದುಕೊಂಡು ಹೋಗಿ. ಬೈತಲೆಯ ಫೋಟೋ ತಿಂಗಳಿಗೊಂದು, ಅದೇ ಜಾಗದಲ್ಲಿ ಅದೇ ಬೆಳಕಿನಲ್ಲಿ ತೆಗೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ನೆತ್ತಿ ಸರಿಯಾಗಿ ಕಾಣುವುದಿಲ್ಲ. ಅವತ್ತೇ ತಲೆಗೆ ಸ್ನಾನ ಮಾಡಿಕೊಂಡೂ ಹೋಗಬೇಡಿ, ಡಾಕ್ಟರು ಒಂದು ಗೊಂಚಲು ಕೂದಲು ಹಿಡಿದು ಮೆಲ್ಲಗೆ ಎಳೆದು ಎಷ್ಟು ಕೈಗೆ ಬರುತ್ತದೆ ಅಂತ ನೋಡುತ್ತಾರೆ, ಬರಬೇಕಾದದ್ದು ಬಚ್ಚಲಲ್ಲೇ ಹೋಗಿದ್ದರೆ ಅವರಿಗೆ ತಿಳಿಯುವುದಿಲ್ಲ.